ಮಯೂರಿಯ ಹೆಸರಿನ ಕೆಳಗೆ

ಬಾದಾಮಿ,
ಶನಿವಾರ, ೧೫ ನವೆಂಬರ್ ೨೦೨೫

ಪ್ರೀತಿಯ ಮಯೂರಿ,

ನಾವು ಕ್ಷೇಮ. ನೀನೂ ನಿನ್ನ ಕೈಕೆಳಗಿನ ಸೈನಿಕರೂ ಕ್ಷೇಮವೆಂದು ನಂಬಿದ್ದೇನೆ. ಗಂಡ ಹೆಂಡತಿಗೆ ಬರೆಯುವಾಗ ಮೊದಲು ‘ಆಶೀರ್ವಾದ’ ಎಂದು ಬರೆಯುವುದು ನಮ್ಮ ಮನೆಯ ರೂಢಿ. ಬರೆಯಹೋದೆ, ಕೈ ಏಳಲಿಲ್ಲ. ತಡವಾಯಿತು, ಕ್ಷಮಿಸು. ನೀನು ಫೋನ್ ಮಾಡಿದಾಗಲೆಲ್ಲ “ಹೆಸರು ತಗಸಿದೇನೋ?” ಎಂದು ಕೇಳಿದೆ. ನಾನು ನೆಟ್‌ವರ್ಕ್ ಸರಿಯಿಲ್ಲವೆಂದು ಇಟ್ಟುಬಿಟ್ಟೆ. ಬಾದಾಮಿಯ ನೆಟ್‌ವರ್ಕಿಗೆ ಏನೂ ಆಗಿಲ್ಲ.

ಅವ್ವನ ಮಂಡಿನೋವು ಕಡಿಮೆ. ನಿನಗೆಂದು ಶೇಂಗಾ ಚಟ್ನಿ ಕುಟ್ಟಿದ್ದಾಳೆ, ಖಾರ ತುಸು ಜಾಸ್ತಿ.

ಇನ್ನು ಬಂದ ಕೆಲಸದ ಸುದ್ದಿ. ಪುಣೆಯ ವಿಳಾಸಕ್ಕೇ ಇಬ್ಬರ ಹೆಸರನ್ನೂ ಮತದಾರರ ಪಟ್ಟಿಗೆ ಹಾಕಿಸೋಣ, ಯಾರಿಗೂ ತಿಳಿಯುವುದಿಲ್ಲ ಎಂದು ನಾನು ಅಂದಾಗ ನೀನು ಒಪ್ಪಲಿಲ್ಲ. “ಇಲ್ಲಿ ಎರಡು ವರ್ಷ ಇದ್ದು ಹೋಗೋರು ನಾವು. ನಮ್ಮೂರಿನ ನೀರು, ನಮ್ಮೂರಿನ ಬಸ್ಸು, ಓಟೂ ಅಲ್ಲೇ” ಎಂದೆ. ಸೈನಿಕರ ಹೆಸರು ಊರ ಪಟ್ಟಿಯ ಕೊನೆಯ ಭಾಗದಲ್ಲಿ ಬರುತ್ತದೆ, ಜೊತೆಯಲ್ಲಿ ವಾಸವಿರುವ ಗಂಡನ ಹೆಸರೂ ಅಲ್ಲಿಯೇ ಬರುತ್ತದೆ. “ನನ್ನ ಹೆಸರಿನ ಕೆಳಗ ನಿನ್ನ ಹೆಸರು ಬಂದ್ರ ಮೀಸಿ ಉದರೂದಿಲ್ಲ” ಎಂದು ನೀನು ನಕ್ಕೆ. ನಾನೂ ನಕ್ಕೆ. ಹೆಸರು ಎರಡು ಕಡೆ ಇರುವಂತಿಲ್ಲವಾದ್ದರಿಂದ, ಬಾದಾಮಿಯ ಸಾಮಾನ್ಯ ಪಟ್ಟಿಯಲ್ಲಿ ಮೊದಲಿನಿಂದ ಇರುವ ನನ್ನ ಹೆಸರು ತೆಗೆಸಿ ಬರುತ್ತೇನೆಂದು ರೈಲು ಹತ್ತಿದೆ.

ಪಟ್ಟಿಯ ಕೆಲಸ ನೋಡುವವರು ಸಾಲಿಯ ನರ್ಗೀಸ ಟೀಚರು. ಬುಧವಾರ ಅವರ ಬಳಿ ಹೋದಾಗ ನಿಮ್ಮ ಅಪ್ಪನೂ ಬಂದಿದ್ದರು. ಮಗಳ ಹೆಸರು ಪಟ್ಟಿಯಲ್ಲಿ ಬರುವುದನ್ನು ಕಣ್ಣಾರೆ ಕಾಣಬೇಕೆಂದು ಪಟ್ಟದಕಲ್ಲಿನಿಂದ ಮೊದಲ ಬಸ್ಸಿಗೇ ಹೊರಟು ಬಂದವರು, ಇಸ್ತ್ರಿ ಮಾಡಿದ ಅಂಗಿ ಬೇರೆ. ನನ್ನ ಜೊತೆ ಓದಿದ ಅಫ್ಸರನೂ ತನ್ನ ತಾಯಿಯ ವಿಳಾಸ ತಿದ್ದಿಸಲು ಅಲ್ಲಿಯೇ ಕೂತಿದ್ದ.

ಟೀಚರು ಸರಳವಾಗಿ ಕೇಳಿದರು: “ಸರ, ಹೆಸರು ತಗೀಬೇಕಂದ್ರ ಒಂದು ಹೇಳ್ರಿ. ನೀವು ಇರೂದು ಇಲ್ಲೋ, ಪುಣೆದಾಗ ಮೇಡಮ್ಮೋರ ಜೋಡಿನೋ?”

ಅಫ್ಸರ ನಗುತ್ತ, “ಲೇ ವ್ಯಾಸ, ನೀ ಏನ್ ಮಿಲಿಟ್ರಿ ಸೇರಿಯೇನಲೇ? ಅಲ್ಲಿ ಏನ್ ಕೆಲಸ ನಿಂದು, ಚಪಾತಿ ಲಟ್ಟಿಸೂದಾ?” ಅಂದ.

ಅದು ಬರೀ ಚಾಷ್ಟಿ. ಆದರೆ ಬಾಗಲಕೋಟೆಯ ಕಾಲೇಜಿನ ನೌಕರಿ ಬಿಟ್ಟು ವರ್ಷವಾಯಿತು, ನಿನ್ನ ಕ್ವಾರ್ಟರ್ಸಿನಲ್ಲಿ ನಾನು ಚಪಾತಿಯನ್ನೇ ಲಟ್ಟಿಸುತ್ತಿದ್ದೇನೆ, ಸುಖವಾಗಿಯೂ ಇದ್ದೇನೆ ಎಂಬುದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲವಲ್ಲ. ಹೇಳೋಣವೆಂದು ನೀನು ಎಷ್ಟು ಸಲ ಅಂದೆ. ದೀಪಾವಳಿ ಮುಗಿಯಲಿ, ಅವ್ವನ ಮಂಡಿ ನೆಟ್ಟಗಾಗಲಿ ಎಂದು ದಿನ ದೂಡಿದವನು ನಾನೇ.

“ನಾ ಇಲ್ಲೇ ಇರ್ತೇನ್ರಿ” ಅಂದೆ. “ಬಾಗಲಕೋಟಿ ಕಾಲೇಜು, ಶನಿವಾರಕ್ಕ ಮನಿ. ಪುಣೆಗೆ ಸೂಟಿ ಇದ್ದಾಗ ಹೋಗಿ ಬರ್ತೇನಿ. ಹೆಸರು ಇರಲಿ ಬಿಡ್ರಿ.”

ನಿಮ್ಮ ಅಪ್ಪ ಕೇಳಿದರು: “ಹಂಗಾದ್ರ ನನ್ನ ಮಗಳು ಅಲ್ಲೆ ಒಬ್ಬಾಕಿನೇ ಇರ್ತಾಳೇನ್ರಿ, ಅಳಿಯಂದ್ರ?”

ಹೌದೆಂದು ತಲೆಯಾಡಿಸಿದೆ. ಮಯೂರಿ, ನನಗೆ ನಾಚಿಕೆಯಾಗುತ್ತಿದೆ. ನಿನ್ನ ಹೆಸರಿನ ಕೆಳಗೆ ಬರುವುದಕ್ಕಲ್ಲ, ಬರಲು ನಾಚಿದ್ದಕ್ಕೆ. ಡ್ಯೂಟಿಯಿಂದ ಬಂದು ಬೂಟು ಬಿಚ್ಚುತ್ತ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನೊಡನೆ ಮಾತಾಡುವ ನಿನ್ನನ್ನು, ನಾಲ್ಕು ಮಂದಿಯ ಎದುರಿಗೆ ಒಂಟಿ ಮಾಡಿಬಿಟ್ಟೆ. ಸೋಮವಾರ ಟೀಚರ ಬಳಿ ಹೋಗಿ ಖರೆ ಹೇಳುತ್ತೇನೆಂದು ಇಲ್ಲಿ ಬರೆಯಬಹುದು. ಆದರೆ ಹೇಳಿ ಬಂದ ಮೇಲೆ ನಂಬು, ಈಗಲೇ ನಂಬಬೇಡ.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಅದು ನಿಷ್ಕಲ್ಮಷವಾದದ್ದು, ತೆಗೆದುಕೋ.

ನಿನ್ನ,
ವ್ಯಾಸರಾಜ

ತಾ.ಕ.: ಮುಖ್ಯವಾದದ್ದನ್ನು ಬರೆಯದೆಯೇ ಸಹಿ ಹಾಕಿದೆ. ಚಟ್ನಿಯ ಡಬ್ಬಿಯನ್ನೂ ಈ ಪತ್ರವನ್ನೂ ನಿನ್ನ ಕೈಗೆ ಕೊಟ್ಟ ನಿಮ್ಮ ಅಪ್ಪ, ಹೀಗೆ ದಿಢೀರನೆ ಯಾಕೆ ಬಂದರೆಂದು ನಿನಗೆ ಅನ್ನಿಸಿರಬೇಕು. ಇವತ್ತು ಮುಂಜಾನೆ ಚೀಲ ಕಟ್ಟಿಕೊಂಡು ನಮ್ಮ ಕಟ್ಟೆಗೆ ಬಂದು, ಓಣಿಯವರೆಲ್ಲ ಕೇಳುವ ಹಾಗೆ ಅಂದರು: “ನಿಮಗ ನೌಕರಿ ಬಿಟ್ಟು ಹೋಗ್ಲಿಕ್ಕೆ ಆಗೂದಿಲ್ಲ, ಖರೆ. ನಾ ರಿಟಾಯರ್ ಆದಾಂವ. ನಾ ಹೋಗಿ ಆಕಿ ಜೋಡಿ ಇರ್ತೇನಿ, ಅಡಿಗಿ ಮಾಡಿ ಹಾಕ್ತೇನಿ. ಮಗಳು ದೇಶದ ಕೆಲಸಾ ಮಾಡ್ತಾಳ, ಅದರಾಗ ಎಂಥಾ ನಾಚಿಕಿ?” ನಾನು ಹೋಗಿ, ಪುಣೆಯ ದಾರಿಗೆಂದು ಸೊಲ್ಲಾಪುರದ ಗಾಡಿಗೆ ಅವರ ಟಿಕೆಟ್ ತೆಗೆಸಿ ತಂದೆ. ಮನೆಯಲ್ಲಿ ನನ್ನ ಬಟ್ಟೆಬರೆ ಕಂಡು ಕೇಳಿದರೆ ಸುಳ್ಳು ಹೇಳಬೇಡ. ಲಕೋಟೆಯನ್ನು ಅಂಟಿಸದೆ ಅವರ ಕೈಗೆ ಕೊಡುತ್ತಿದ್ದೇನೆ. ದಾರಿಯಲ್ಲಿ ಓದಿಕೊಳ್ಳಲಿ ಎಂದು ಅಂದುಕೊಂಡೀಯೆ. ಮಂದಿಯ ಪತ್ರ ತೆರೆದು ನೋಡುವ ಮನುಷ್ಯ ಅವರಲ್ಲವೆಂದು ಗೊತ್ತಿದ್ದೇ ಹಾಗೆ ಬಿಟ್ಟಿದ್ದೇನೆ. ನನ್ನ ಧೈರ್ಯ ಇಷ್ಟೇ.