ಅಣ್ಣನ ಅಂಗಿಗೆ ಟಿಚ್ ಬಟನ್

ಏಪ್ರಿಲ್ 2, ಗುರುವಾರ

ಚಿಕ್ಕಪ್ಪನ ಎದೆ ನಲವತ್ನಾಲ್ಕು, ಹೊಟ್ಟೆ ನಲವತ್ತಾರು. ಉಸಿರು ಎಳೆದು ಹಿಡಿದುಕೊಂಡು ನಿಂತಿದ್ದರು. "ಬಿಡಿ ಚಿಕ್ಕಪ್ಪ, ಹಾಕ್ಕೊಂಡ್ಮೇಲೆ ಉಸಿರಾಡ್ಬೇಕಲ್ಲ" ಎಂದೆ. "ಲೇ ಭೂಮಿ, ನಲವತ್ತು ಅಂತ ಬರ್ಕೊ. ಅಷ್ಟರೊಳಗೆ ಇಳಿಸ್ತೀನಿ." ನಲವತ್ತಾರು ಎಂದೇ ಬರೆದೆ. ಮುಖ ಊದಿಸಿಕೊಂಡರು. ಅಳತೆ ಕೊಡಲೆಂದೇ ಕಡೂರಿನಿಂದ ನಾಲ್ಕೂ ಜನ ಬಂದಿದ್ದರು, ಊಟ ಮುಗಿಸಿ ಹೋದರು.

ನಮ್ಮ ಮನೆಯ ಐದು ಸೇರಿ ಒಟ್ಟು ಒಂಬತ್ತು ಉಡುಪು. ಒಂದೇ ಥಾನಿನ ಬಟ್ಟೆ — ಕೋಮಲತ್ತಿಗೆ ತರೀಕೆರೆಯಲ್ಲಿ ಆರಿಸಿದ್ದು. ನೀಲಿ, ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕಿ. "ನಾನೇನು ಮಗುನಾ, ಚುಕ್ಕಿ ಅಂಗಿ ಹಾಕ್ಕೊಳಕ್ಕೆ?" ಎಂದು ಅಪ್ಪನ ತಕರಾರು. ಆದರೆ ಇದು ಅಣ್ಣನ ಆಸೆ. ಮಿಲಿಟರಿಯವರು ಹದಿನಾಲ್ಕು ತಿಂಗಳಾದ ಮೇಲೆ ರಜೆ ಕೊಡುತ್ತಿದ್ದಾರೆ. ಮೇ ಹತ್ತಕ್ಕೆ ಎಲ್ಲರೂ ಒಂದೇ ಬಟ್ಟೆಯಲ್ಲಿ ಕೆಮ್ಮಣ್ಣುಗುಂಡಿಗೆ. ಎರಡು ದಿನ. ಒಂದು ಫೋಟೋ.

ಉಳಿದಿರುವುದು ಅಣ್ಣನ ಅಳತೆ ಮಾತ್ರ. ಅವ್ವ ಅವನ ಮದುವೆಯ ಅಂಗಿ ತಂದುಕೊಟ್ಟು "ಇದ್ರಂಗೇ ಹೊಲಿ" ಎಂದರು. ಹಿಮದ ಬೆಟ್ಟದ ಮೇಲೆ ವರ್ಷಕ್ಕೂ ಹೆಚ್ಚು ಇದ್ದವನ ಮೈ ಮದುವೆಯ ಅಂಗಿಯಷ್ಟೇ ಇರುತ್ತದೆಯೇ? ಚಳಿಗೆ ಮನುಷ್ಯ ಕುಗ್ಗುತ್ತಾನೋ, ದಪ್ಪವಾಗುತ್ತಾನೋ? ಯಾರನ್ನು ಕೇಳುವುದು.

ಏಪ್ರಿಲ್ 5, ಭಾನುವಾರ

ಅಣ್ಣ ಫೋನ್ ಮಾಡಿದ್ದ. ಭಾನುವಾರ ಮಾತ್ರ ಮಾಡುತ್ತಾನೆ. ಅವ್ವನ ಸರದಿ, ಅಪ್ಪನ ಸರದಿ, ಅತ್ತಿಗೆ ಹಿತ್ತಲಿಗೆ ಹೋಗಿ ಮಾತಾಡಿದ್ದು... ಕೊನೆಗೆ ನನಗೆ ಎರಡು ನಿಮಿಷ.

"ಹಳೇ ಅಳತೆಗೇ ಹೊಲಿ. ಒಂದಿಂಚು ಕಮ್ಮಿ ಮಾಡು. ಆಮೇಲೆ... ಗುಂಡಿ ಬೇಡ ಕಣೇ. ಒತ್ತಿ ಕೂರಿಸೋ ಟಿಚ್ ಬಟನ್ ಹಾಕು."

"ಟಿಚ್ಚಾ? ನೀನೇನು ಎಲ್‌ಕೆಜಿನಾ?"

"ಸ್ಟೈಲು ಕಣೇ ಅದು."

ಅಣ್ಣನಿಗೆ ಸ್ಟೈಲು! ಹತ್ತನೇ ಕ್ಲಾಸಿನವರೆಗೂ ಅಪ್ಪನ ಅಂಗಿಯನ್ನು ಕತ್ತರಿಸಿ ಹಾಕಿಕೊಂಡವನು. ತೋಳಿಗೂ ಕಫ್ ಬೇಡವಂತೆ, ಸಡಿಲ ಬಿಡಬೇಕಂತೆ. ಯಾಕೆ ಎಂದು ಕೇಳುವಷ್ಟರಲ್ಲಿ ಕಟ್ ಆಯಿತು. ಆಯಿತೋ, ಮಾಡಿದನೋ.

ಏಪ್ರಿಲ್ 8, ಬುಧವಾರ

ತಲೆಯಿಂದ ಹೋಗುತ್ತಿಲ್ಲ. ತೀರ್ಥಮ್ಮನವರನ್ನು ಕೇಳಿದೆ. ಅಜ್ಜಂಪುರದಲ್ಲಿ ಮೂವತ್ತು ವರ್ಷದಿಂದ ಟೈಲರಿಂಗ್ ಅಂಗಡಿ ಇಟ್ಟವರು. ನಾನು ಅಲ್ಲಿ ಸೇರಿ ಏಳು ತಿಂಗಳು. ಸೆಕೆಂಡ್ ಪಿಯುಸಿ ಅರ್ಧಕ್ಕೆ ಬಿಟ್ಟ ಮೇಲೆ ಕಂಪ್ಯೂಟರ್ ಕ್ಲಾಸು ಒಂದು ತಿಂಗಳು, ಮೆಡಿಕಲ್ ಶಾಪು ಎರಡು ತಿಂಗಳು. ಎಲ್ಲೂ ಕೂರಲಾಗಲಿಲ್ಲ. ಕಾಲೇಜು ಯಾಕೆ ಬಿಟ್ಟೆ ಎಂದವರಿಗೂ "ಕೂರಕ್ಕಾಗ್ಲಿಲ್ಲ" ಎಂದೇ ಹೇಳಿದ್ದೇನೆ. ಬೇರೆ ಕಾರಣ ಹೇಳಿದ್ದರೆ ಮರ್ಯಾದೆ ಉಳಿಯುತ್ತಿತ್ತು ಎಂದು ಅವ್ವನಿಗೆ ಈಗಲೂ ಬೇಜಾರು.

"ದೊಡ್ಡೋರ ಅಂಗಿಗೆ ಟಿಚ್ ಯಾರು ಹಾಕಿಸ್ತಾರೆ ತೀರ್ಥಮ್ಮ?"

ಹಲ್ಲಲ್ಲಿ ಕಚ್ಚಿದ್ದ ದಾರ ತೆಗೆದು ಯೋಚಿಸಿದರು. "ನಾನು ಹೊಲ್ದಿರೋದು ಒಬ್ರಿಗೆ ಕಣವ್ವ. ಲಕ್ವ ಹೊಡೆದಿತ್ತು, ಕೈ ಸ್ವಾಧೀನ ಇರಲಿಲ್ಲ."

ಆಮೇಲೆ ಮೂರು ಸಲ ಸೂಜಿ ಚುಚ್ಚಿಕೊಂಡೆ.

ಸಂಜೆ ಅತ್ತಿಗೆಯನ್ನು ಕೇಳಿದೆ. ಬಟ್ಟೆ ಮಡಚುತ್ತಿದ್ದ ಕೈ ನಿಂತಿತು. "ನಿಂಗ್ಯಾಕೆ ಅದೆಲ್ಲ? ಹೇಳಿದಷ್ಟು ಹೊಲಿ ಭೂಮಿ." ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು. ಅತ್ತಿಗೆಗೆ ಗೊತ್ತಿದೆ. ಏನೋ ಇದೆ.

ಏಪ್ರಿಲ್ 12, ಭಾನುವಾರ

ನೇರ ಕೇಳಿಬಿಟ್ಟೆ. "ಅಣ್ಣ, ನಿನ್ನ ಕೈಗೇನಾಗಿದೆ?"

ಗಾಳಿಯ ಸದ್ದಿನ ನಡುವೆ ಹೇಳಿದ.

ಫೆಬ್ರವರಿಯಲ್ಲಿ ಆಗಿದ್ದು. ಗಸ್ತು ಹೋದಾಗ ಗ್ಲೌಸ್ ಒದ್ದೆಯಾಗಿದೆ. ಚಳಿಗೆ ಬೆರಳು ಸತ್ತುಹೋಗಿವೆ. ಬಲಗೈಯ ಮೂರು ಬೆರಳು, ನಡು ಗೆಣ್ಣಿನಿಂದ ಮೇಲೆ ಈಗ ಇಲ್ಲ. ಹೆಬ್ಬೆರಳು, ಕಿರುಬೆರಳು ಇವೆ. ನಲವತ್ತು ದಿನ ಆಸ್ಪತ್ರೆ. ಈಗ ಕೆಳಗಿನ ಕ್ಯಾಂಪಿನ ಸ್ಟೋರಿನಲ್ಲಿ ಡ್ಯೂಟಿ. ನಾವೆಲ್ಲ ಅವನು ಇನ್ನೂ ಬೆಟ್ಟದ ಮೇಲಿದ್ದಾನೆ ಎಂದುಕೊಂಡು ಅವನಿಗೆ ಸ್ವೆಟರ್ ಕಳಿಸುವ ಮಾತಾಡುತ್ತಿದ್ದೆವು.

"ಅವ್ವಂಗೆ ಹೇಳ್ಬೇಡ. ನಾನೇ ಬಂದು ಹೇಳ್ತೀನಿ."

"ನಾನಾಗಿ ಹೇಳಲ್ಲ. ಆದ್ರೆ ಕೇಳಿದ್ರೆ ಸುಳ್ಳು ಹೇಳಲ್ಲ."

"ನಿನ್ನ ಹತ್ರ ಗುಟ್ಟು ಇಟ್ಟೋನು ಕೆಟ್ಟ ಕಣೇ."

ನಕ್ಕ. ನನಗೆ ನಗು ಬರಲಿಲ್ಲ. ಆದರೆ ಅಳುವೂ ಬರಲಿಲ್ಲ. ಬಂದಿದ್ದು ಬೇರೆ ಪ್ರಶ್ನೆ: ಮೂರು ಬೆರಳಿಲ್ಲದ ಕೈಗೆ ಟಿಚ್ ಸುಲಭವೇ? ಯಾರು ಹೇಳಿದ್ದು?

ಏಪ್ರಿಲ್ 13, ಸೋಮವಾರ

ಬಲಗೈಯ ಮೂರು ಬೆರಳು ಮಡಚಿ ಬಟ್ಟೆ ಚೂರಿನಿಂದ ಬಿಗಿದು ಕಟ್ಟಿದೆ. ಗಂಟು ಹಾಕಲು ಹಲ್ಲು ಬೇಕಾಯಿತು. ಅಪ್ಪನ ಹಳೆಯ ಅಂಗಿಗೆ ಟಿಚ್ ಹಾಕಿಕೊಂಡು, ಬಾಗಿಲು ಮುಚ್ಚಿ, ಮೊಬೈಲಿನಲ್ಲಿ ಟೈಮ್ ಇಟ್ಟು ಕೂತೆ.

ಆರು ಟಿಚ್ — ನಾಲ್ಕು ನಿಮಿಷ ಹತ್ತು ಸೆಕೆಂಡ್. ಎರಡು ಬಿಲ್ಲೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು, ಆಮೇಲೆ ಒತ್ತಬೇಕು. ಹೊಟ್ಟೆಯ ಮೇಲಿಟ್ಟು ಒತ್ತಿದರೆ ಹೊಟ್ಟೆ ಒಳಗೆ ಹೋಗುತ್ತದೆ, ಬಟನ್ ಕೂರುವುದಿಲ್ಲ. ಹಿಂದಿನಿಂದ ಬೆರಳು ಕೊಡಬೇಕು. ಆ ಬೆರಳೇ ಅವನಿಗಿಲ್ಲ.

ಮಾಮೂಲಿ ಗುಂಡಿ — ಏಳು ನಿಮಿಷ, ಅದರಲ್ಲೂ ಒಂದು ಸೋತೆ. ಆದರೆ ಒಂದು ಗೊತ್ತಾಯಿತು. ತೊಂದರೆ ಗುಂಡಿಯದಲ್ಲ. ಗುಂಡಿ ತೂರುವ ರಂಧ್ರದ ಪಟ್ಟಿ ಮೆತ್ತಗಿದೆ, ಮುದುಡಿಕೊಳ್ಳುತ್ತದೆ. ಪಟ್ಟಿ ಗಟ್ಟಿಯಾಗಿ ನಿಂತರೆ ಎಡಗೈ ಹೆಬ್ಬೆರಳೊಂದೇ ತಳ್ಳಬಹುದಲ್ಲವೇ?

ಏಪ್ರಿಲ್ 16, ಗುರುವಾರ

ಪಟ್ಟಿಯೊಳಗೆ ಎರಡು ಪದರ ಕ್ಯಾನ್ವಾಸ್. ಐದು ನಿಮಿಷ.

ಗುಂಡಿ ಸ್ವಲ್ಪ ದೊಡ್ಡದು. ನಾಲ್ಕೂವರೆ.

ಅಂಗಡಿಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದಾಗ ತೀರ್ಥಮ್ಮ ನೋಡಿಬಿಟ್ಟರು. "ಏನೇ ಹುಚ್ಚಿ, ಎರಡು ಕೈ ಜಾಸ್ತಿ ಆಯ್ತಾ?" ಯಾಕೆ ಎಂದು ಕೇಳಿದರು, ಹೇಳಿದೆ. ಆಮೇಲೆ ನನ್ನ ಕೈಯಿಂದ ಅಂಗಿ ಕಿತ್ತುಕೊಂಡು ಗುಂಡಿ ಬಿಚ್ಚಿ ಹಾಕಿದರು. ಗುಂಡಿಗೂ ಬಟ್ಟೆಗೂ ನಡುವೆ ಬೆಂಕಿಕಡ್ಡಿ ಇಟ್ಟು ಹೊಲಿದು, ಕಡ್ಡಿ ಎಳೆದು, ಉಳಿದ ದಾರವನ್ನು ಸುತ್ತಿದರು. ಗುಂಡಿಗೊಂದು ಕತ್ತು ಬಂತು. ಬಟ್ಟೆಯಿಂದ ಎದ್ದು ನಿಂತಿತು. "ಕೋಟಿಗೆ ಹಿಂಗೇ ಹಾಕೋದು. ರಂಧ್ರನೂ ಅಡ್ಡ ಕತ್ತರಿಸು, ಉದ್ದ ಅಲ್ಲ."

ಎರಡು ನಿಮಿಷ ಇಪ್ಪತ್ತು ಸೆಕೆಂಡ್!

ಏಳು ತಿಂಗಳಿಂದ ಗುಂಡಿ ಹಾಕುತ್ತಿದ್ದೇನೆ. ಗುಂಡಿಯೊಳಗೆ ಇಷ್ಟಿದೆ ಎಂದು ಗೊತ್ತಿರಲಿಲ್ಲ.

ಏಪ್ರಿಲ್ 19, ಭಾನುವಾರ

ಅಣ್ಣನಿಗೆ ಹೇಳಿದೆ. ಟಿಚ್ ಹಾಕುವುದಿಲ್ಲ, ಅದಕ್ಕಿಂತ ಗುಂಡಿಯೇ ಬೇಗ, ಕೈ ಕಟ್ಟಿಕೊಂಡು ನೋಡಿದ್ದೇನೆ, ಎಂದು ಸೆಕೆಂಡು ಸಮೇತ.

"ಕೈ ಕಟ್ಕೊಂಡು ನೋಡಿದ್ಯಾ? ಆಮೇಲೆ ಬಿಚ್ಕೊಂಡ್ಯಲ್ಲ?"

ಬಿಚ್ಚಿಕೊಂಡೆ.

"ನಿನ್ನ ಆಟಕ್ಕೆ ನನ್ನ ಕೈನೇ ಬೇಕಿತ್ತಾ ಭೂಮಿ? ಎಂಟು ಜನದ ಮುಂದೆ ಗುಂಡಿ ಹಾಕಕ್ಕಾಗ್ದೆ ನಿಂತ್ಕೋಬೇಕಾ ನಾನು?"

ಫೋನ್ ಇಟ್ಟುಬಿಟ್ಟ.

ಇಲ್ಲಿ ಬರೆದುಕೊಳ್ಳಬಹುದು. ಮೊದಲು ಇದ್ದದ್ದು ಕುತೂಹಲವೇ. ಅಣ್ಣನ ಮೇಲಿನ ಪ್ರೀತಿಯಿಂದ ಕೈ ಕಟ್ಟಿಕೊಂಡೆ ಎಂದರೆ ಸುಳ್ಳು. ಹೇಗಿರುತ್ತದೆ ನೋಡೋಣ ಎಂದೇ ಕಟ್ಟಿಕೊಂಡದ್ದು. ಪ್ರೀತಿ ಎರಡನೇ ಗುಂಡಿಯ ಹೊತ್ತಿಗೆ ಬಂದಿರಬೇಕು.

ಏಪ್ರಿಲ್ 22, ಬುಧವಾರ

ಅವ್ವ ಕೇಳಿಬಿಟ್ಟರು.

ನನ್ನ ಮಣಿಕಟ್ಟಿನ ಮೇಲೆ ಕಟ್ಟಿದ ಗುರುತು ಉಳಿದಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸುತ್ತ "ಒಂದು ವಾರದಿಂದ ಕೈ ಕಟ್ಕೊಂಡು ಏನು ಮಾಡ್ತಿದ್ದೀಯ? ನಿಮ್ಮಣ್ಣ ಹೊನ್ನೇಶನ ಅಂಗಿ ಮುಂದಿಟ್ಕೊಂಡು?" ಎಂದರು. ಸುತ್ತಿ ಬಳಸಿ ತಪ್ಪಿಸಿಕೊಳ್ಳಬಹುದಿತ್ತು. ಹೇಳಿದೆ.

"ಯಾವ ಕೈ?"

"ಬಲಗೈ."

"ಊಟ?"

"ಎಡಗೈಲಿ. ಚಮಚದಲ್ಲಿ."

ಮೊರ ಕೆಳಗಿಡಲಿಲ್ಲ. ಆರಿಸುತ್ತಲೇ ಇದ್ದರು. ಆಮೇಲೆ ನೋಡಿದರೆ ಕಲ್ಲು, ಅಕ್ಕಿ ಎರಡನ್ನೂ ಒಂದೇ ಕಡೆ ಹಾಕಿದ್ದಾರೆ.

ಅಷ್ಟರಲ್ಲಿ ಅತ್ತಿಗೆ ಬಾಗಿಲಲ್ಲಿ. "ಹೇಳಿಬಿಟ್ಯಾ? ಎರಡು ತಿಂಗಳಿಂದ ಒಬ್ಳೇ ನುಂಗ್ಕೊಂಡಿದ್ದೀನಿ, ನಿಂಗೆ ಹತ್ತು ದಿನ ಇರಕ್ಕಾಗ್ಲಿಲ್ಲ!"

"ಕೇಳಿದ್ರು ಅತ್ತಿಗೆ."

"ಅವ್ಳಿಗ್ಯಾಕೆ ಬೈತೀಯ ಕೋಮಲಾ" ಎಂದರು ಅವ್ವ. "ಬರ್ಲಿ ನನ್ನ ಮಗ. ಅಂಗಿ ಗುಂಡಿ ನಾನೇ ಹಾಕ್ತೀನಿ. ಚಿಕ್ಕೋನಿದ್ದಾಗ ಹಾಕ್ತಿರಲಿಲ್ವಾ?"

"ಅದಕ್ಕೇ ಕಣತ್ತೆ ಅವ್ರು ನಿಮಗೆ ಹೇಳದೇ ಇದ್ದಿದ್ದು."

ಅವ್ವ ಮೊರ ಎತ್ತಿಕೊಂಡು ಒಳಗೆ ಹೋದರು.

ಏಪ್ರಿಲ್ 23

ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅವರ ಚೂಡಿದಾರ್ ಕುತ್ತಿಗೆ ಎಷ್ಟು ಇಳಿಸಬೇಕು ಎಂದು ಅಪ್ಪನ ಮೂಲಕ ಹೇಳಿ ಕಳಿಸಿದರು. ಅಪ್ಪನಿಗೆ ಇನ್ನೂ ಏನೂ ಗೊತ್ತಿಲ್ಲ. "ನಾಲ್ಕಿಂಚಂತೆ. ಎಲ್ಲಿಂದ ನಾಲ್ಕಿಂಚು ಅಂತ ನನ್ನ ಕೇಳ್ಬೇಡ."

ಏಪ್ರಿಲ್ 26, ಭಾನುವಾರ

ಅಣ್ಣ ಅವ್ವನ ಜೊತೆ ಆರು ನಿಮಿಷ ಮಾತಾಡಿದ. ಮಳೆ, ತೆಂಗು, ಚಿಕ್ಕಪ್ಪನ ಹೊಟ್ಟೆ. ಅವ್ವ ಒಂದು ಮಾತೂ ಬಿಟ್ಟುಕೊಡಲಿಲ್ಲ. ಅಣ್ಣ ನನ್ನನ್ನು ಫೋನಿಗೆ ಕರೆಯಲಿಲ್ಲ.

ಯಾರ ಮಾತು ನಡೆಯಬೇಕು? ಅಂಗಿ ಅವನದು. ಕೈ ಅವನದು. ಸೆಕೆಂಡುಗಳು ಮಾತ್ರ ನನ್ನವು.

ಎರಡು ಅಂಗಿ ಹೊಲಿಯುತ್ತೇನೆ. ಒಂದು ಅವನು ಹೇಳಿದ್ದು, ಒಂದು ನಾನು ಕಂಡದ್ದು. ಥಾನಿನಲ್ಲಿ ಉಳಿದಿರುವುದು ನನ್ನ ಕುರ್ತಾಕ್ಕಾಗುವಷ್ಟೇ. ಹೋಗಲಿ. ಫೋಟೋದಲ್ಲಿ ಎಂಟು ನೀಲಿ, ಒಂದು ಬೇರೆ.

ಮೇ 9, ಶನಿವಾರ

ಅಣ್ಣ ಬಂದ. ಬೀರೂರಿಗೆ ಹೋಗಿ ಕರೆತಂದೆವು. ತೆಳ್ಳಗಾಗಿದ್ದಾನೆ — ಒಂದಲ್ಲ, ಎರಡಿಂಚು. ಬಲಗೈ ಪ್ಯಾಂಟ್ ಜೇಬಿನಲ್ಲಿ. ದಾರಿಯುದ್ದಕ್ಕೂ ಜೇಬಿನಲ್ಲೇ.

ಮಧ್ಯಾಹ್ನ ಅವ್ವ ಮುದ್ದೆ ಮಾಡಲಿಲ್ಲ. ಪಲಾವ್. ಐದು ತಟ್ಟೆ, ಐದಕ್ಕೂ ಚಮಚ.

"ಏನೇ ಹನುಮಂತಿ ಇದು? ಚಮಚದಲ್ಲಿ ತಿನ್ನಕ್ಕೆ ನಾನೇನು ಆಫೀಸರಾ?" ಎಂದು ಅಪ್ಪ ಅವ್ವನನ್ನು ಕೇಳಿದರು.

ಅಣ್ಣ ಚಮಚ ನೋಡಿದ. ಅವ್ವನನ್ನು ನೋಡಿದ. ಆಮೇಲೆ ನನ್ನನ್ನು.

"ನೀನಾ?"

"ಹೂಂ. ಕೇಳಿದ್ರು. ಹೇಳ್ದೆ."

ಜೇಬಿನಿಂದ ಕೈ ತೆಗೆದು ತಟ್ಟೆಯ ಪಕ್ಕ ಇಟ್ಟ. ಅಪ್ಪ ಅಗಿಯುವುದನ್ನು ನಿಲ್ಲಿಸಿದರು. "ನೋವೈತಾ?" ಎಂದರು.

"ಇಲ್ಲಪ್ಪ. ಚಳಿಗೆ ಜುಮ್ ಅನ್ನುತ್ತೆ, ಅಷ್ಟೇ."

"ಹಂಗಾದ್ರೆ ನಾಳೆ ಬೆಟ್ಟಕ್ಕೆ ಸ್ವೆಟರ್ ತಗೋ." ಅವ್ವ ನೀರು ತರುವೆನೆಂದು ಎದ್ದು ಹೋದವರು ತುಂಬ ಹೊತ್ತು ಬರಲಿಲ್ಲ. ಅತ್ತಿಗೆ ಹಿಂದೆಯೇ ಹೋದರು. ಇಬ್ಬರೂ ಒಟ್ಟಿಗೆ ಬಂದರು.

ಆಮೇಲೆ ಅಣ್ಣನೇ ಕೈ ಚಾಚಿದ. "ನೋಡು. ನೋಡ್ದೆ ಇದ್ರೆ ನಿಂಗೆ ಹೊಟ್ಟೆನೋವು ಬರುತ್ತೆ." ನೋಡಿದೆ. ತುದಿಯ ಚರ್ಮ ನುಣುಪು, ಹೊಳೆಯುತ್ತದೆ. ಅಂಚು ಮಡಚಿ ಹೊಲಿದಂತೆ ಒಂದೊಂದು ಗೆರೆ.

"ಹೊಲಿಗೆ ನೀಟಾಗಿದೆ" ಎಂದೆ.

ಜೋರಾಗಿ ನಕ್ಕ. ಅತ್ತಿಗೆಯೂ.

ಎರಡೂ ಅಂಗಿ ಕೊಟ್ಟೆ. "ಇದು ನೀನು ಹೇಳಿದ್ದು, ಇದು ನಾನು ಹೇಳಿದ್ದು. ಯಾವ್ದು ಬೇಕಾದ್ರೂ ಹಾಕ್ಕೋ, ನಾನು ಕೇಳಲ್ಲ." ನಗು ನಿಂತಿತು. ತೆಗೆದುಕೊಂಡು ಬ್ಯಾಗಿನೊಳಗಿಟ್ಟ.

ಮೇ 10, ಭಾನುವಾರ, ಬೆಳಿಗ್ಗೆ 6.35

ಗಾಡಿ ಬಂದು ನಿಂತಿದೆ. ಚಿಕ್ಕಪ್ಪ ಎರಡು ಸಲ ಹಾರನ್ ಹೊಡೆಸಿದರು. ಚುಕ್ಕಿ ಅಂಗಿಯಲ್ಲಿ ಅಪ್ಪ ಕನ್ನಡಿ ಬಿಟ್ಟು ಕದಲುತ್ತಿಲ್ಲ.

ಅಣ್ಣ ರೂಮಿನಲ್ಲಿ. ಬಾಗಿಲು ಹಾಕಿಕೊಂಡಿದ್ದಾನೆ. ನಾವು ಮೂವರು ಹೆಂಗಸರು ಹೊರಗೆ. ಬರೆಯುತ್ತ ಕೂತಿದ್ದೇನೆ, ಇಲ್ಲದಿದ್ದರೆ ಬಾಗಿಲು ಬಡಿದುಬಿಡುತ್ತೇನೆ. ಅವ್ವ ಎರಡು ಸಲ ಎದ್ದರು. ಎರಡು ಸಲವೂ ಅತ್ತಿಗೆ ಸೆರಗು ಹಿಡಿದು ಕೂರಿಸಿದರು.

ನಾಲ್ಕು ನಿಮಿಷವಾಯಿತು. ಟಿಚ್ ಆಗಿದ್ದರೆ ಸದ್ದು ಕೇಳಬೇಕು. ಕೇಳುತ್ತಿಲ್ಲ. ಹಾಗಾದರೆ ಗುಂಡಿಯದೇ. ಅಥವಾ ಯಾವುದನ್ನೂ ಹಾಕದೆ ಮಂಚದ ಮೇಲೆ ಸುಮ್ಮನೆ ಕೂತಿದ್ದಾನೆ...

ಐದು. ನನಗೆ ಎರಡು ನಿಮಿಷ ಇಪ್ಪತ್ತು ಸೆಕೆಂಡ್ ಸಾಕಾಗಿತ್ತು. ಆದರೆ ನನ್ನ ಬೆರಳು ಮಡಚಿದ್ದವು, ಇಲ್ಲವಾಗಿರಲಿಲ್ಲ. ಈ ಲೆಕ್ಕವನ್ನು ನಾನು ಮಾಡಲೇ ಇಲ್ಲ.

ಆರು —

"ಲೇ ಭೂಮೀ! ಮೇಲಿಂದ ಎರಡನೇ ಗುಂಡಿ ರಂಧ್ರ ಬಿಗಿ ಕಣೇ! ನೋಡಿ ಹೊಲಿಯಕ್ಕಾಗಲ್ವಾ?"

ಅವ್ವ ಮತ್ತೆ ಎದ್ದರು. ಕೂತ್ಕೊಳಿ ಅವ್ವ ಎಂದೆ. ಬಿಗಿ ಅಂದಿದ್ದಾನೆ, ಬನ್ನಿ ಅಂದಿಲ್ಲ. ಅಣ್ಣ ಕೆಳಗಿನಿಂದ ಮೇಲಕ್ಕೆ ಹಾಕಿಕೊಂಡು ಬರುವವನು, ಎರಡನೆಯದು ಎಂದರೆ ಕೆಳಗಿನವೆಲ್ಲ ಆಗಿವೆ. ಒಂದು ಎಳೆ ಬಿಚ್ಚಿದರೆ ಸಾಕು. ಕತ್ತರಿ ಇಲ್ಲೇ ಇಟ್ಟಿದ್ದೆ, ಎಲ್ಲಿ ಹೋಯಿತು...