ಮಲ್ಲಿಯ ಎಡಗಣ್ಣು

ಅಮ್ಮತ್ತಿ, ೧೧ ಫೆಬ್ರವರಿ ೨೦೨೫. ವಿರಾಜಪೇಟೆಯ ನಾಯಿ ಡಾಕ್ಟರ ಹತ್ತಿರ ಹೋಗಿ ಈಗಷ್ಟೇ ಬಂದೆ.

ಸುಧಕ್ಕ,

ನೀನು ಬಿಟ್ಟುಹೋದ ಬಿಳಿ ನಾಯಿ ಮಲ್ಲಿಯ ಎಡಗಣ್ಣಿನ ಕೆಳಗೆ ಕಂದು ಕಲೆಯಾಗಿದೆ. ಕಾಯಿಸಿ ಆರಿಸಿದ ನೀರಿನಲ್ಲಿ ದಿನಾ ಒರೆಸು, ತೇವ ಉಳಿಸಬೇಡ ಎಂದು ನೀನು ಹೇಳಿ ಹೋಗಿದ್ದೆ. ಅವಳು ಕಾಫಿ ಒಣಗಿಸುವ ಕಣದಲ್ಲೇ ಮಲಗುವುದರಿಂದ ಧೂಳಿನ ಕಲೆ ಎಂದುಕೊಂಡು ನಾನು ಸುಮ್ಮನಿದ್ದೆ.

ಡಾಕ್ಟರು ರೆಪ್ಪೆ ಮಗುಚಿ ನೋಡಿದರು. "ಇದು ಧೂಳಲ್ಲಮ್ಮ. ರೆಪ್ಪೆಕೂದಲು ಒಳಗಡೆ ಬೆಳೆದು, ಉಜ್ಜಿ ಉಜ್ಜಿ ಹುಣ್ಣಾಗಿದೆ. ಎಷ್ಟು ದಿನದಿಂದ ನೀರು ಸುರೀತಿದೆ?"

"ಒಂದು ವಾರ" ಎಂದೆ.

ಜೀಪು ಓಡಿಸಿಕೊಂಡು ಬಂದಿದ್ದ ನಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಲೋಹಿತ್, "ಡಿಸೆಂಬರಲ್ಲಿ ಕಾಫಿ ಪಿಕಿಂಗ್ ಶುರುವಾದಾಗಿಂದ ಅಲ್ವಾ ಅಕ್ಕ? ಕಾಫಿ ಕಾಡಿಗೆ ಹಚ್ಕೊಂಡಿದ್ದಾಳೆ ಅಂತ ನೀವೇ ನಗ್ತಿದ್ರಿ" ಎಂದ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ನಾಳೆ ಹತ್ತು ಗಂಟೆಗೆ ಆಪರೇಷನ್. ಕಣ್ಣು ಉಳಿಯುತ್ತದೆಂದು ಅವರು ಹೇಳಲಿಲ್ಲ.

ನಮ್ಮ ಜಗಳದ ನಂತರ ನೀನು ನನ್ನಿಂದ ಕೇಳಿದ್ದು ಅವಳ ಫೋಟೋ ಒಂದನ್ನೇ. ಡಿಸೆಂಬರಿನಿಂದ ನಾನು ಕಳಿಸಿದ್ದೆಲ್ಲವೂ ಬಲಗಡೆಯಿಂದ ತೆಗೆದವು.

ಈ ಕಾಗದವನ್ನು ಕಳಿಸುವುದಿಲ್ಲ. ನಾಳೆ ಹೊರಡುವ ಮೊದಲು ಎಡಗಡೆಯಿಂದ ಒಂದು ಫೋಟೋ ತೆಗೆದು, ಜೊತೆಗೆ ಏನೂ ಬರೆಯದೆ, ನಿನಗೆ ಕಳಿಸುವುದೆಂದು ತೀರ್ಮಾನಿಸಿದ್ದೇನೆ.