ಸಡಿಲವಿದ್ದ ತಿರುಪು

ಅಣ್ಣಾ,

ಸಂಜೆ ಆರು ಗಂಟೆ. ಗುಂಡಿ ಒತ್ತಿದರೂ ದೋಣಿಯ ಹಿಂಬದಿಯ ಎಂಜಿನ್ ನೀರಿನಿಂದ ಮೇಲೇಳುತ್ತಿಲ್ಲವೆಂದು ಇವತ್ತು ಮೆಕ್ಯಾನಿಕ್‌ನನ್ನು ಕರೆಸಿದ್ದೆವು. ಅದನ್ನು ಎತ್ತುವ ಎಣ್ಣೆಯ ಪಂಪು ಕಿರುಚುತ್ತಿತ್ತು, ಎಂಜಿನ್ ಮಾತ್ರ ಅಲ್ಲಾಡಲಿಲ್ಲ. ಅವನು ಪಕ್ಕದ ತಿರುಪು ಮುಟ್ಟಿ ನಕ್ಕ.

“ಇದು ಸಡಿಲ ಇದ್ರೆ ಎಣ್ಣೆ ವಾಪಸ್ ಹೋಗುತ್ತೆ, ಎಂಜಿನ್ ಹೇಗೆ ಏಳುತ್ತೆ ಯಜಮಾನ್ರೇ? ಯಾರು ಬಿಚ್ಚಿದ್ದು?”

“ನಾನೇ ಕಣಯ್ಯಾ. ಬ್ಯಾಟರಿ ಉಳೀಲಿ ಅಂತ ದಿನಾ ಬಿಚ್ಚಿ ಕೈಯಲ್ಲೇ ಇಳಿಸ್ತೀನಿ. ಒಮ್ಮೊಮ್ಮೆ ಬಿಗಿ ಮಾಡೋದು ಮರೆತುಹೋಗುತ್ತೆ,” ಎಂದರು ಅಪ್ಪ, ನಗುತ್ತಲೇ.

ಕಡಿಮೆ ನೀರಿನಲ್ಲಿ ಎಂಜಿನ್ ಬಂಡೆಗೆ ಬಡಿದು ದೋಣಿ ಮಗುಚಿದ ಮೇಲೆ, ಆಸ್ಪತ್ರೆಯಲ್ಲಿ ನೀನು ಕೊನೆಯುಸಿರಿನವರೆಗೂ ಹೇಳಿದ್ದು ಅದನ್ನೇ: “ಗುಂಡಿ ಒತ್ತಿದೆ ಅಪ್ಪಾ, ಏಳಲಿಲ್ಲ.” “ಸುಳ್ಳು ಬೇಡ,” ಎಂದು ಅಪ್ಪ ಮುಖ ತಿರುಗಿಸಿದ್ದರು.

ಅವರಿಗೆ ಇನ್ನೂ ಹೊಳೆದಿಲ್ಲ. ನಾಳೆ ಬೆಳಿಗ್ಗೆ ಅವರ ಜೊತೆ ದೋಣಿಯಲ್ಲಿ ನಾನೇ ಹೋಗಬೇಕು.